ಫಿಲಿಪ್ಪೀನ್ಸ್‌ನಲ್ಲಿ 53 ಡಿಗ್ರಿ ಬಿಸಿಲಿತ್ತೇ? 1912ರ ದಾಖಲೆ ತಾಪಮಾನ ಏರಿಕೆಯನ್ನು ಸುಳ್ಳು ಮಾಡುತ್ತದೆಯೇ?

ಬೇಸಿಗೆ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಥರ್ಮಾಮೀಟರ್ ಚಿತ್ರಗಳ ಓಡಾಟ ಶುರುವಾಗುತ್ತದೆ. ಅವುಗಳಲ್ಲಿ ಫಿಲಿಪ್ಪೀನ್ಸ್ ದೇಶದ ಹೆಸರಿರುವ ಸಂದೇಶಗಳು ಎರಡು ಬಗೆಯವು. ಒಂದು ಬಗೆಯದ್ದು ಹೆದರಿಸುತ್ತದೆ: "ಫಿಲಿಪ್ಪೀನ್ಸ್‌ನಲ್ಲಿ 53 ಡಿಗ್ರಿ ಬಿಸಿಲು, ಶಾಲೆಗಳಿಗೆಲ್ಲ ರಜೆ, ಮುಂದಿನ ಸರದಿ ನಮ್ಮದು." ಇನ್ನೊಂದು ಬಗೆಯದ್ದು ಸಮಾಧಾನ ಹೇಳುತ್ತದೆ: "ಫಿಲಿಪ್ಪೀನ್ಸ್‌ನ ಅತಿ ಹೆಚ್ಚಿನ ಉಷ್ಣಾಂಶ ದಾಖಲಾಗಿದ್ದು 1912ರಲ್ಲಿ. ಆಗ ಕಾರು, ಎಸಿ, ಕಾರ್ಖಾನೆ ಎಲ್ಲಿದ್ದವು? ತಾಪಮಾನ ಏರಿಕೆ ಅನ್ನೋದೆಲ್ಲ ನಾಟಕ."

ಎರಡನ್ನೂ ನಾವು ಪರಿಶೀಲಿಸಿ ನೋಡಿದೆವು. ತಮಾಷೆಯೆಂದರೆ ಎರಡರಲ್ಲೂ ಇರುವ ಅಂಕಿ ಸರಿಯಾಗಿಯೇ ಇದೆ. 53 ಎಂಬ ಸಂಖ್ಯೆಯನ್ನು ಆ ದೇಶದ ಹವಾಮಾನ ಇಲಾಖೆಯೇ ಪ್ರಕಟಿಸಿತ್ತು. 1912ರ ದಾಖಲೆಯೂ ನಿಜ. ಆದರೆ ಎರಡೂ ಸಂದೇಶಗಳು ತಲುಪಿಸುವ ತೀರ್ಮಾನ ತಪ್ಪು. ಸರಿಯಾದ ತೀರ್ಮಾನಕ್ಕೆ ಬೇಕಾದ ಸಂಖ್ಯೆ ಇನ್ನೊಂದಿದೆ. ಅದು ಬಹಳ ಸಣ್ಣದು, 0.68. ನೋಡಲು ಏನೇನೂ ಅಲ್ಲ ಅನ್ನಿಸುವುದರಿಂದಲೋ ಏನೋ, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

53 ಎಂಬುದು ಥರ್ಮಾಮೀಟರ್ ತೋರಿಸಿದ ಸಂಖ್ಯೆಯಲ್ಲ

ಮೊದಲು ಹೆದರಿಸುವ ಸಂದೇಶವನ್ನು ನೋಡೋಣ. 2024ರ ಏಪ್ರಿಲ್ 28ರಂದು ಫಿಲಿಪ್ಪೀನ್ಸ್‌ನ ಲುಜಾನ್ ದ್ವೀಪದ ಪಶ್ಚಿಮ ಕರಾವಳಿಯ ಇಬಾ ಎಂಬ ಊರಿನಲ್ಲಿ 53 ಡಿಗ್ರಿ ಸೆಲ್ಸಿಯಸ್ ಎಂದು ಅಲ್ಲಿನ ಹವಾಮಾನ ಇಲಾಖೆ ಪಗಾಸಾ ವರದಿ ಮಾಡಿತು. ಆದರೆ ಅದು ಗಾಳಿಯ ಉಷ್ಣಾಂಶವಲ್ಲ, ಹೀಟ್ ಇಂಡೆಕ್ಸ್. ಸುದ್ದಿ ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ, ಅಲ್ಲಿಂದ ಪೋಸ್ಟರಿಗೆ, ಪೋಸ್ಟರಿನಿಂದ ಸ್ಟೇಟಸ್‌ಗೆ ಹೋಗುವಷ್ಟರಲ್ಲಿ 'ಇಂಡೆಕ್ಸ್' ಎಂಬ ಪದ ಎಲ್ಲೋ ಉದುರಿಹೋಗಿ ಬರೀ 53 ಡಿಗ್ರಿ ಉಳಿದುಕೊಂಡಿತು.

ಹೀಟ್ ಇಂಡೆಕ್ಸ್ ಅಂದರೇನು ಎಂದು ಕನ್ನಡಿಗರಿಗೆ ವಿವರಿಸುವುದು ಸುಲಭ, ಏಕೆಂದರೆ ನಮ್ಮಲ್ಲಿ ಅದಕ್ಕೊಂದು ಪದವೇ ಇದೆ: ಸೆಕೆ. ಕಲಬುರಗಿಯವರು ಬಿಸಿಲಿನ ಬಗ್ಗೆ ದೂರುತ್ತಾರೆ, ಮಂಗಳೂರಿನವರು ಸೆಕೆಯ ಬಗ್ಗೆ. ಕಲಬುರಗಿಯಲ್ಲಿ 40 ಡಿಗ್ರಿ ಇದ್ದಾಗ ಮಂಗಳೂರಿನಲ್ಲಿ 34 ಇರಬಹುದು. ಆದರೂ ಮರದ ನೆರಳಿನಲ್ಲಿ ಕೂತ ಕಲಬುರಗಿಯವರಿಗಿಂತ ಮಂಗಳೂರಿನವರೇ ಹೆಚ್ಚು ಒದ್ದಾಡುತ್ತಿರಬಹುದು. ಅಂಗಿ ಒದ್ದೆ, ಒರೆಸಿದಷ್ಟೂ ಬೆವರು, ಫ್ಯಾನ್ ಹಾಕಿದರೂ ಬಿಸಿಗಾಳಿ.

ಇದಕ್ಕೆ ಕಾರಣ ಬೆವರು ಆರದಿರುವುದು. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದು ಹೇಗೆಂದು ನೆನಪಿಸಿಕೊಳ್ಳಿ. ಮಡಕೆಯ ಮೈಯಿಂದ ಜಿನುಗುವ ನೀರು ಆವಿಯಾಗುವಾಗ ಮಡಕೆಯ ಶಾಖವನ್ನೂ ಹೊತ್ತೊಯ್ಯುತ್ತದೆ. ನಮ್ಮ ಚರ್ಮದ ಮೇಲಿನ ಬೆವರು ಮಾಡುವ ಕೆಲಸವೂ ಅದೇ. ಆದರೆ ಗಾಳಿಯಲ್ಲಿ ಆಗಲೇ ತೇವಾಂಶ ತುಂಬಿದ್ದರೆ ಬೆವರು ಬೇಗ ಆವಿಯಾಗುವುದಿಲ್ಲ, ಹನಿಯಾಗಿ ಇಳಿದುಹೋಗುತ್ತದೆ. ಮೈ ತಣ್ಣಗಾಗುವುದಿಲ್ಲ. ರಾಯಚೂರಿನ ಒಣ ಬೇಸಿಗೆಯಲ್ಲಿ ಚೆನ್ನಾಗಿ ತಂಪಾಗುವ ಮಡಕೆ ಕರಾವಳಿಯ ಮೇ ತಿಂಗಳಿನಲ್ಲಿ ಅಷ್ಟು ತಂಪಾಗದಿರುವುದೂ ಇದೇ ಕಾರಣಕ್ಕೆ.

ಗಾಳಿಯ ಉಷ್ಣಾಂಶ ಮತ್ತು ತೇವಾಂಶ ಎರಡನ್ನೂ ಸೇರಿಸಿ "ಮೈಗೆ ಇದು ಎಷ್ಟು ಡಿಗ್ರಿಯಂತೆ ಅನ್ನಿಸುತ್ತದೆ" ಎಂದು ಲೆಕ್ಕ ಹಾಕಿದರೆ ಬರುವುದು ಹೀಟ್ ಇಂಡೆಕ್ಸ್. 34 ಡಿಗ್ರಿ ಉಷ್ಣಾಂಶವಿದ್ದು ತೇವಾಂಶ ಶೇಕಡ 40 ಇದ್ದರೆ ಮೈಗೆ ಸುಮಾರು 36 ಡಿಗ್ರಿ ಅನ್ನಿಸುತ್ತದೆ. ಅದೇ 34 ಡಿಗ್ರಿಗೆ ಶೇಕಡ 70ರಷ್ಟು ತೇವಾಂಶ ಸೇರಿದರೆ ಸುಮಾರು 47 ಡಿಗ್ರಿ! ಥರ್ಮಾಮೀಟರ್ ಒಂದು ಗೆರೆಯೂ ಏರಿಲ್ಲ, ಆದರೆ ದೇಹದ ಪಾಡು ಬೇರೆಯೇ ಆಗಿದೆ. ಈ ಲೆಕ್ಕ ನೆರಳಿನಲ್ಲಿ ಇರುವವರದ್ದು ಎಂಬುದನ್ನೂ ಗಮನಿಸಿ. ನೇರ ಬಿಸಿಲಿನಲ್ಲಿ ನಿಂತವರಿಗೆ ಇನ್ನೂ 8 ಡಿಗ್ರಿವರೆಗೆ ಹೆಚ್ಚು ಅನ್ನಿಸಬಹುದು.

ಪಗಾಸಾ ಈ ಸೂಚ್ಯಂಕವನ್ನು ನಾಲ್ಕು ಹಂತಗಳಾಗಿ ಮಾಡಿಕೊಂಡಿದೆ. 27ರಿಂದ 32 ಎಚ್ಚರಿಕೆ, 33ರಿಂದ 41 ಹೆಚ್ಚಿನ ಎಚ್ಚರಿಕೆ, 42ರಿಂದ 51 ಅಪಾಯ, 52 ದಾಟಿದರೆ ತೀವ್ರ ಅಪಾಯ. ಇಬಾ ಊರು ಅಂದು ಕೊನೆಯ ಹಂತಕ್ಕೆ ಹೋಗಿತ್ತು. ಆದ್ದರಿಂದ 53 ಡಿಗ್ರಿ ಬಿಸಿಲಿತ್ತು ಎನ್ನುವುದು ತಪ್ಪಾದರೂ, "ಏನೂ ಆಗಿರಲಿಲ್ಲ, ಸುಮ್ಮನೆ ಹೆದರಿಸಿದರು" ಎನ್ನುವುದೂ ಅಷ್ಟೇ ತಪ್ಪು. ಶಾಖಾಘಾತಕ್ಕೆ ಸಿಕ್ಕವನ ದೇಹ ಥರ್ಮಾಮೀಟರ್ ನೋಡಿ ಕೆಲಸ ಮಾಡುವುದಿಲ್ಲ.

ಅದೇ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ದಾಖಲಾಗಿತ್ತು. ಅದು ನಗರದ ಅತಿ ಹೆಚ್ಚಿನ ಉಷ್ಣಾಂಶಗಳಲ್ಲಿ ಒಂದು. ಮೊದಲನೆಯದು 2016ರ ಏಪ್ರಿಲ್ 24ರ 39.2. ಅದರ ಹಿಂದಿನ ದಿನ ಮನಿಲಾದಲ್ಲಿ 38.8 ಡಿಗ್ರಿ ದಾಖಲಾಗಿತ್ತು. ಸಂಖ್ಯೆ ಹೆಚ್ಚುಕಡಿಮೆ ಒಂದೇ. ಆದರೆ ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಒಣ ಮಧ್ಯಾಹ್ನ, ಮನಿಲಾ ಸಮುದ್ರದ ಮಗ್ಗುಲಿನ ಊರು. ಎರಡು ಊರುಗಳ ಜನ ಅನುಭವಿಸಿದ್ದು ಒಂದೇ ಬಿಸಿಯನ್ನಲ್ಲ.

1912ರ ದಾಖಲೆ ನಿಜ, ಆದರೆ...

ಈಗ ಸಮಾಧಾನದ ಸಂದೇಶಕ್ಕೆ ಬರೋಣ. ಲುಜಾನ್ ದ್ವೀಪದ ಉತ್ತರದಲ್ಲಿ ತುಗೆಗರಾವ್ ಎಂಬ ನಗರವಿದೆ. 1912ರ ಏಪ್ರಿಲ್ 29ರಂದು ಅಲ್ಲಿ 42.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. 1969ರ ಮೇ 11ರಂದು ಮತ್ತೆ ಅಷ್ಟೇ ದಾಖಲಾಯಿತು. ಪಗಾಸಾದ ಪಟ್ಟಿಯಲ್ಲಿ ದೇಶದ ಗರಿಷ್ಠ ಉಷ್ಣಾಂಶ ಇದೇ.

"ಅಷ್ಟು ಹಿಂದೆ ಸರಿಯಾಗಿ ಅಳೆದಿರಲಿಕ್ಕಿಲ್ಲ" ಎಂದು ಇದನ್ನು ತಳ್ಳಿಹಾಕುವವರೂ ಇದ್ದಾರೆ. ನಾವು ಹಾಗೆ ಮಾಡುವುದಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಹವಾಮಾನ ಅಳೆಯುವ ಕೆಲಸಕ್ಕೆ ದೀರ್ಘ ಇತಿಹಾಸವಿದೆ. ಜೆಸ್ಯೂಟ್ ಪಾದ್ರಿಗಳು ಮನಿಲಾ ವೀಕ್ಷಣಾಲಯ ಆರಂಭಿಸಿದ್ದು 1865ರಲ್ಲಿ. ಅಮೆರಿಕದ ಆಡಳಿತ ಬಂದ ಮೇಲೆ 1901ರಲ್ಲಿ ಸರ್ಕಾರಿ ಹವಾಮಾನ ಇಲಾಖೆಯೇ ಶುರುವಾಯಿತು. ತುಗೆಗರಾವ್ ಅಷ್ಟು ಕಾಯುವುದಕ್ಕೆ ಭೌಗೋಳಿಕ ಕಾರಣವೂ ಇದೆ. ಪೂರ್ವಕ್ಕೆ ಸಿಯೆರಾ ಮಾದ್ರೆ ಬೆಟ್ಟಸಾಲು, ಪಶ್ಚಿಮಕ್ಕೆ ಕಾರ್ಡಿಲ್ಯೆರಾ, ನಡುವಿನ ಕಣಿವೆಯಲ್ಲಿ ಊರು. ಬೆಟ್ಟ ದಾಟಿ ಇಳಿಯುವ ಗಾಳಿ ಒಣಗಿ ಬಿಸಿಯಾಗುತ್ತದೆ. ಬಾಣಲೆಯ ತಳದಲ್ಲಿ ಕೂತಂತೆ.

ಹಾಗಾದರೆ ದಾಖಲೆ 1912ರದ್ದೇ ಆಗಿರುವಾಗ ಏರಿಕೆ ಎಲ್ಲಿ ಬಂತು?

"ನಮ್ಮಜ್ಜ ದಿನಾ ಒಂದು ಕಟ್ಟು ಬೀಡಿ ಸೇದಿ 95 ವರ್ಷ ಬದುಕಿದ್ದರು, ಬೀಡಿಯಿಂದ ಏನೂ ಆಗಲ್ಲ" ಎನ್ನುವ ವಾದವನ್ನು ನೀವು ಕೇಳಿರುತ್ತೀರಿ. ಅಜ್ಜ 95 ವರ್ಷ ಬದುಕಿದ್ದು ಸುಳ್ಳಲ್ಲ. ಆದರೆ ಒಬ್ಬ ಅಜ್ಜನನ್ನು ನೋಡಿ ಬೀಡಿಯ ಬಗ್ಗೆ ತೀರ್ಮಾನಿಸಲಾಗದು, ಸೇದುವ ಸಾವಿರಾರು ಜನರನ್ನು ನೋಡಬೇಕು. 1912ರ ತುಗೆಗರಾವ್ ಕೂಡ ಅಂಥ ಒಬ್ಬ ಅಜ್ಜ. ಒಂದು ಊರು, ಒಂದು ದಿನ, ಒಂದು ಮಧ್ಯಾಹ್ನ. ದೇಶದ ಹವಾಗುಣ ಬದಲಾಗಿದೆಯೇ ಎಂದು ತಿಳಿಯಲು ದೇಶದ ಎಲ್ಲ ಕೇಂದ್ರಗಳ, ಎಲ್ಲ ದಿನಗಳ, ಹಗಲು ರಾತ್ರಿಗಳ ಲೆಕ್ಕ ಬೇಕು.

ಮನಿಲಾದ 38.8 ಡಿಗ್ರಿಯ ಬಗ್ಗೆಯೂ ಇಂಥದ್ದೇ ವಾದ ಹುಟ್ಟಿಕೊಳ್ಳಬಹುದು. ಅದು ಮುರಿದದ್ದು 1915ರ ಮೇ 17ರ 38.6 ಡಿಗ್ರಿ ದಾಖಲೆಯನ್ನು. "109 ವರ್ಷಗಳಲ್ಲಿ ಏರಿದ್ದು ಬರೀ 0.2 ಡಿಗ್ರಿ" ಎಂದು ಯಾರಾದರೂ ಪೋಸ್ಟರ್ ಮಾಡಿದರೆ ಆಶ್ಚರ್ಯವಿಲ್ಲ. ಆದರೆ ಇಲ್ಲೂ ಹೋಲಿಸುತ್ತಿರುವುದು ಎರಡು ದಿನಗಳನ್ನು, ಎರಡು ಕಾಲಗಳನ್ನಲ್ಲ.

ಯಾರೂ ಹಂಚಿಕೊಳ್ಳದ 0.68

ಎಲ್ಲ ದಿನಗಳ ಲೆಕ್ಕ ಹಾಕಿದಾಗ ಪಗಾಸಾಕ್ಕೆ ಸಿಕ್ಕ ಉತ್ತರ ಇದು: 1951ರಿಂದ 2015ರವರೆಗೆ ಫಿಲಿಪ್ಪೀನ್ಸ್‌ನ ಸರಾಸರಿ ಉಷ್ಣಾಂಶ 0.68 ಡಿಗ್ರಿ ಸೆಲ್ಸಿಯಸ್ ಏರಿದೆ. ಅಂದರೆ ಪ್ರತಿ ಹತ್ತು ವರ್ಷಕ್ಕೆ ಸುಮಾರು 0.1 ಡಿಗ್ರಿ.

ಇಷ್ಟೇನಾ ಅನ್ನಿಸುತ್ತದೆ. ಎಸಿ ರಿಮೋಟಿನಲ್ಲಿ ಒಂದು ಸಲ ಒತ್ತಿದರೆ ಒಂದು ಡಿಗ್ರಿ ಬದಲಾಗುತ್ತದೆ, ಅದೂ ಗೊತ್ತಾಗುವುದಿಲ್ಲ. ಆದರೆ ಈ 0.68ನ್ನು ಆ ದೇಶದ ಅಳತೆಗೋಲಿನಲ್ಲೇ ಅಳೆದು ನೋಡಿ. ಫಿಲಿಪ್ಪೀನ್ಸ್ ಸಮಭಾಜಕ ವೃತ್ತಕ್ಕೆ ಹತ್ತಿರ, ಸುತ್ತಲೂ ಸಮುದ್ರ. ಅಲ್ಲಿ ಋತುಗಳ ನಡುವೆ ಹೆಚ್ಚು ಏರಿಳಿತವಿಲ್ಲ. ಅಲ್ಲಿನ ಊಟಿ ಎನ್ನಬಹುದಾದ ಬಾಗಿಯೋ ಗಿರಿಧಾಮವನ್ನು ಬಿಟ್ಟರೆ, ಅತ್ಯಂತ ತಂಪಾದ ಜನವರಿಯ ಸರಾಸರಿ 25.5 ಡಿಗ್ರಿ, ಅತ್ಯಂತ ಬಿಸಿಯಾದ ಮೇ ತಿಂಗಳ ಸರಾಸರಿ 28.3 ಡಿಗ್ರಿ. ಚಳಿಗಾಲಕ್ಕೂ ಬೇಸಿಗೆಗೂ ನಡುವಿನ ಇಡೀ ಅಂತರವೇ 2.8 ಡಿಗ್ರಿ! ಆ ಅಂತರದ ಹೆಚ್ಚುಕಡಿಮೆ ಕಾಲು ಭಾಗದಷ್ಟು, ಇಡೀ ವರ್ಷಕ್ಕೆ ಅನ್ವಯಿಸುವಂತೆ, ಮೇಲಕ್ಕೆ ಸರಿದಿದೆ. ಹಾಗೆ ನೋಡಿದಾಗ 0.68 ಸಣ್ಣ ಸಂಖ್ಯೆಯಾಗಿ ಉಳಿಯುವುದಿಲ್ಲ.

ಸರಾಸರಿ ಸ್ವಲ್ಪ ಏರಿದರೆ ವಿಪರೀತದ ದಿನಗಳು ಬಹಳ ಹೆಚ್ಚಾಗುತ್ತವೆ. ಮಳೆಗಾಲದಲ್ಲಿ ಮುಳುಗುವ ತಗ್ಗು ಸೇತುವೆಯೊಂದನ್ನು ಊಹಿಸಿಕೊಳ್ಳಿ. ಹೊಳೆಯ ಸಾಮಾನ್ಯ ಮಟ್ಟ ಒಂದೇ ಅಡಿ ಮೇಲೆ ಬಂದರೂ ಸಾಕು, ಮೊದಲು ಅಪರೂಪಕ್ಕೆ ದೊಡ್ಡ ಮಳೆಗೆ ಮಾತ್ರ ಮುಳುಗುತ್ತಿದ್ದ ಸೇತುವೆ ಈಗ ಸಾಧಾರಣ ಮಳೆಗೂ ಮುಳುಗುತ್ತದೆ. ಅತಿ ದೊಡ್ಡ ನೆರೆ ಬಂದದ್ದು ಅಜ್ಜನ ಕಾಲದಲ್ಲೇ ಇರಬಹುದು. ಆದರೆ ಶಾಲೆಗೆ ಹೋಗುವ ಮಕ್ಕಳು ವರ್ಷಕ್ಕೆ ಎಷ್ಟು ದಿನ ಹೊಳೆಯ ಈಚೆಗೆ ನಿಲ್ಲಬೇಕಾಗುತ್ತದೆ ಎನ್ನುವುದು ಬದಲಾಗಿದೆ. ಫಿಲಿಪ್ಪೀನ್ಸ್‌ನಲ್ಲಿ ಆಗಿರುವುದು ಇದೇ. ಬಿಸಿ ದಿನಗಳೂ ಬೆಚ್ಚಗಿನ ರಾತ್ರಿಗಳೂ ಹೆಚ್ಚಾಗಿವೆ, ತಂಪಾದ ದಿನ-ರಾತ್ರಿಗಳು ಕಡಿಮೆಯಾಗಿವೆ.

ರಾತ್ರಿ ಆರದ ಬಿಸಿ

ಈ ಇಡೀ ಕಥೆಯಲ್ಲಿ ನಮಗೆ ಅತ್ಯಂತ ಮುಖ್ಯ ಅನ್ನಿಸಿದ್ದು ರಾತ್ರಿಯ ವಿಚಾರ. ಸುದ್ದಿಯಲ್ಲಿ ಬರುವುದು ಯಾವಾಗಲೂ ಮಧ್ಯಾಹ್ನದ ಗರಿಷ್ಠ ಉಷ್ಣಾಂಶ. ಆದರೆ ಫಿಲಿಪ್ಪೀನ್ಸ್‌ನ ದಾಖಲೆಗಳಲ್ಲಿ ಹೆಚ್ಚು ಏರಿರುವುದು ಹಗಲಲ್ಲ, ರಾತ್ರಿ. 20ನೇ ಶತಮಾನದ ನಡುವಿನಿಂದ ಅರವತ್ತು ವರ್ಷಗಳ ಲೆಕ್ಕ ತೆಗೆದರೆ ಹಗಲಿನ ಗರಿಷ್ಠ ಉಷ್ಣಾಂಶ ಒಂದು ಡಿಗ್ರಿಯ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಏರಿದೆ. ರಾತ್ರಿಯ ಕನಿಷ್ಠ ಉಷ್ಣಾಂಶ ಸುಮಾರು ಒಂದು ಡಿಗ್ರಿಯಷ್ಟು ಏರಿದೆ.

ಹೀಗೇಕೆ? ಹಗಲು ಬಿಸಿಲಿಗೆ ಕಾದ ನೆಲ ರಾತ್ರಿ ಆ ಶಾಖವನ್ನು ಆಕಾಶದ ಕಡೆಗೆ ಬಿಟ್ಟುಕೊಡುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಆ ಶಾಖದ ಒಂದು ಪಾಲನ್ನು ಹಿಡಿದು ಮತ್ತೆ ಕೆಳಕ್ಕೆ ಕಳಿಸುತ್ತವೆ, ಕಂಬಳಿ ಹೊದ್ದಂತೆ. ಇದನ್ನು ನೀವು ನಿಮ್ಮ ಅಂಗಳದಲ್ಲೇ ಗಮನಿಸಿರುತ್ತೀರಿ. ಮಾಗಿಯ ಕಾಲದಲ್ಲಿ ಆಕಾಶ ತಿಳಿಯಾಗಿದ್ದ ರಾತ್ರಿ ಚಳಿ ಕೊರೆಯುತ್ತದೆ, ಮೋಡ ಕವಿದ ರಾತ್ರಿ ಅಷ್ಟು ಚಳಿ ಇರುವುದಿಲ್ಲ. ಮೋಡವೂ ಒಂದು ಹೊದಿಕೆ. ಕೈಗಾರಿಕೆಗಳು ಬರುವ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಕಂಬಳಿ ದಪ್ಪವಾಗಿದೆ. ಜೊತೆಗೆ ರಾತ್ರಿ ನೆಲದ ಮೇಲಿನ ಗಾಳಿ ಕಲಕುವುದು ಕಡಿಮೆ. ಸಿಕ್ಕಿಬಿದ್ದ ಶಾಖ ತೆಳುವಾದ ಪದರದಲ್ಲೇ ಉಳಿಯುತ್ತದೆ. ಒಂದೇ ಉರಿಗೆ ದೊಡ್ಡ ಹಂಡೆಗಿಂತ ಸಣ್ಣ ಪಾತ್ರೆ ಬೇಗ ಕಾಯುವುದಿಲ್ಲವೇ, ಹಾಗೆ.

"ಸೂರ್ಯನೇ ಈಗ ಹೆಚ್ಚು ಉರಿಯುತ್ತಿದ್ದಾನೆ, ಮನುಷ್ಯ ಏನು ಮಾಡಲಾದೀತು" ಎಂಬ ಇನ್ನೊಂದು ಸಂದೇಶಕ್ಕೂ ಇಲ್ಲಿ ಉತ್ತರ ಸಿಗುತ್ತದೆ. ಸೂರ್ಯನೇ ಕಾರಣವಾಗಿದ್ದರೆ ಸೂರ್ಯ ಇರುವ ಹಗಲು ಹೆಚ್ಚು ಬಿಸಿಯಾಗಬೇಕಿತ್ತು. ಆಗಿರುವುದು ಉಲ್ಟಾ.

ರಾತ್ರಿಯ ಬಿಸಿಯ ಬೆಲೆ ಎಷ್ಟು ಎಂದು ತೋರಿಸಿದ್ದು ಭತ್ತ. ಮನಿಲಾದ ದಕ್ಷಿಣಕ್ಕೆ ಲೊಸ್ ಬಾನ್ಯೋಸ್ ಎಂಬಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದೆ. ನಮ್ಮ ರೈತರಿಗೂ ಇದು ದೂರದ ಹೆಸರಲ್ಲ, ಐಆರ್ 8, ಐಆರ್ 64 ತಳಿಗಳ ಹೆಸರಿನಲ್ಲಿರುವ 'ಐಆರ್' ಈ ಸಂಸ್ಥೆಯದ್ದೇ. ಅಲ್ಲಿನ ಜಮೀನಿನ ಹವಾಮಾನ ದಾಖಲೆ ಮತ್ತು ಇಳುವರಿಯ ಲೆಕ್ಕ ಇಟ್ಟುಕೊಂಡು ವಿಜ್ಞಾನಿಗಳು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1979ರಿಂದ 2003ರ ನಡುವೆ ಅಲ್ಲಿ ಹಗಲಿನ ಗರಿಷ್ಠ ಉಷ್ಣಾಂಶ 0.35 ಡಿಗ್ರಿ ಏರಿತ್ತು, ರಾತ್ರಿಯ ಕನಿಷ್ಠ ಉಷ್ಣಾಂಶ 1.13 ಡಿಗ್ರಿ. ಬೇಸಿಗೆ ಬೆಳೆಯಲ್ಲಿ ರಾತ್ರಿಯ ಉಷ್ಣಾಂಶ ಒಂದು ಡಿಗ್ರಿ ಹೆಚ್ಚಾದಾಗ ಇಳುವರಿ ಶೇಕಡ 10ರಷ್ಟು ಕುಸಿದಿತ್ತು. ಹಗಲಿನ ಉಷ್ಣಾಂಶದ ಏರಿಕೆಗೂ ಇಳುವರಿಗೂ ಅಂಥ ಸ್ಪಷ್ಟ ನಂಟು ಕಾಣಲಿಲ್ಲ.

ಭತ್ತದ ಗಿಡ ಹಗಲು ಬಿಸಿಲಿನಲ್ಲಿ ಆಹಾರ ತಯಾರಿಸುತ್ತದೆ, ರಾತ್ರಿ ಉಸಿರಾಡುತ್ತಾ ಅದರಲ್ಲಿ ಒಂದಿಷ್ಟನ್ನು ಖರ್ಚು ಮಾಡುತ್ತದೆ. ರಾತ್ರಿ ಬಿಸಿಯಾದಷ್ಟೂ ಉಸಿರಾಟ ಜೋರು, ಖರ್ಚು ಜಾಸ್ತಿ. ಹಗಲು ದುಡಿದದ್ದನ್ನು ರಾತ್ರಿ ಕಳೆದರೆ ಕಾಳಿಗೆ ಉಳಿಯುವುದೇನು? ಇದು ಒಂದು ಜಮೀನಿನ ಅಧ್ಯಯನ, ಎಲ್ಲ ಊರಿನ ಎಲ್ಲ ತಳಿಗೂ ಇದೇ ಶೇಕಡ 10 ಎಂದು ಹೇಳಲಾಗದು. ಆದರೆ ಗಂಗಾವತಿಯಲ್ಲೋ ಮಂಡ್ಯದಲ್ಲೋ ಬೇಸಿಗೆ ಭತ್ತ ಹಾಕುವವರು ಹಗಲಿನ ಬಿಸಿಲಿನ ಜೊತೆಗೆ ರಾತ್ರಿಯ ಉಷ್ಣಾಂಶವನ್ನೂ ಗಮನಿಸುವುದು ಒಳ್ಳೆಯದು.

ಮನುಷ್ಯರ ಪಾಡೂ ಇದೇ. ಹಗಲಿಡೀ ಕಾದ ದೇಹ ಸುಧಾರಿಸಿಕೊಳ್ಳುವುದು ರಾತ್ರಿಯ ತಂಪಿನಲ್ಲಿ. ತಗಡಿನ ಮಾಡಿನ ಕೆಳಗೆ, ಕಿಟಕಿ ಇಲ್ಲದ ಕೋಣೆಯಲ್ಲಿ ಐದಾರು ಜನ ಮಲಗುವ ಮನೆಗಳಲ್ಲಿ ಆ ವಿರಾಮವೇ ಸಿಗದೆ ಮರುದಿನದ ಬಿಸಿಲು ಶುರುವಾಗುತ್ತದೆ. ವಯಸ್ಸಾದವರು, ಹೃದಯ ಮತ್ತು ಕಿಡ್ನಿ ತೊಂದರೆ ಇರುವವರು ಹಗಲು ತಡೆದುಕೊಂಡು ರಾತ್ರಿ ಕುಸಿಯುವುದುಂಟು.

ಎಲ್ಲ ಎಲ್ ನಿನೋ ಆಟ ಅಲ್ಲವೇ?

ಈ ಪ್ರಶ್ನೆಯಲ್ಲಿ ಹುರುಳಿದೆ. 2023-24ರಲ್ಲಿ ಎಲ್ ನಿನೋ ಇತ್ತು. ಸಾಮಾನ್ಯವಾಗಿ ಪೆಸಿಫಿಕ್ ಸಾಗರದ ಬಿಸಿನೀರು ಪಶ್ಚಿಮಕ್ಕೆ, ಅಂದರೆ ಫಿಲಿಪ್ಪೀನ್ಸ್ ಮತ್ತು ಇಂಡೋನೇಷ್ಯಾದ ಕಡೆಗೆ ಒಟ್ಟುಗೂಡಿರುತ್ತದೆ, ಮೋಡ-ಮಳೆಯೂ ಅಲ್ಲೇ. ಎಲ್ ನಿನೋ ವರ್ಷಗಳಲ್ಲಿ ಆ ಬಿಸಿನೀರು ಪೂರ್ವಕ್ಕೆ ಸರಿಯುತ್ತದೆ, ಮಳೆಯೂ ಅದರ ಹಿಂದೆ ಹೋಗುತ್ತದೆ. ಫಿಲಿಪ್ಪೀನ್ಸ್‌ಗೆ ಉಳಿಯುವುದು ಮೋಡವಿಲ್ಲದ ಆಕಾಶ. ಆ ಬೇಸಿಗೆಯಲ್ಲಿ ಪಂತಬಂಗನ್ ಅಣೆಕಟ್ಟೆಯ ನೀರು ಎಷ್ಟು ಇಳಿಯಿತೆಂದರೆ, ಅರ್ಧ ಶತಮಾನದ ಹಿಂದೆ ಅಣೆಕಟ್ಟು ಕಟ್ಟುವಾಗ ಮುಳುಗಿದ್ದ ಹಳೆಯ ಊರಿನ ಚರ್ಚಿನ ಅವಶೇಷಗಳು ಮೇಲೆ ಕಾಣಿಸಿಕೊಂಡವು, ಜನ ನೋಡಲು ಬಂದರು. ಅದೇ ಎಲ್ ನಿನೋ ಹೊತ್ತಿಗೆ 2023ರ ಮುಂಗಾರು ನಮಗೂ ಕೈಕೊಟ್ಟಿತ್ತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಒಣಗಿ ಟ್ಯಾಂಕರ್‌ಗೆ ಕಾದದ್ದು ಯಾರಿಗೂ ಮರೆತಿರಲಿಕ್ಕಿಲ್ಲ.

ಹಾಗಾದರೆ ಬಿಸಿಗೆ ಎಲ್ ನಿನೋ ಎಷ್ಟು ಕಾರಣ, ಮನುಷ್ಯರು ಎಷ್ಟು ಕಾರಣ? ಇದನ್ನು ಬೇರ್ಪಡಿಸಿ ನೋಡುವ ವಿಜ್ಞಾನಿಗಳ ತಂಡವೊಂದಿದೆ, ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂದು ಹೆಸರು. ಅವರು ಹಳೆಯ ದಾಖಲೆಗಳನ್ನೂ ಕಂಪ್ಯೂಟರ್ ಮಾದರಿಗಳನ್ನೂ ಬಳಸಿ ಎರಡು ಭೂಮಿಗಳನ್ನು ಹೋಲಿಸುತ್ತಾರೆ: ಈಗಿನ ಭೂಮಿ, ಮತ್ತು ಕಲ್ಲಿದ್ದಲು-ಪೆಟ್ರೋಲ್ ಸುಡದೇ ಇದ್ದಿದ್ದರೆ ಇರುತ್ತಿದ್ದ ಭೂಮಿ. 2024ರ ಮೇ ತಿಂಗಳಿನಲ್ಲಿ ಅವರು ಕೊಟ್ಟ ಲೆಕ್ಕದ ಪ್ರಕಾರ, ಫಿಲಿಪ್ಪೀನ್ಸ್‌ನ ಆ ಏಪ್ರಿಲ್‌ನ ಬಿಸಿಗೆ ಎಲ್ ನಿನೋ ಸೇರಿಸಿದ್ದು ಸುಮಾರು 0.2 ಡಿಗ್ರಿ. ಮನುಷ್ಯರಿಂದಾದ ತಾಪಮಾನ ಏರಿಕೆ ಸೇರಿಸಿದ್ದು ಸುಮಾರು 1.2 ಡಿಗ್ರಿ. ಭೂಮಿ ಬಿಸಿಯಾಗದೇ ಇದ್ದಿದ್ದರೆ ಎಲ್ ನಿನೋ ವರ್ಷದಲ್ಲೂ ಅಂಥ ಬಿಸಿಗಾಳಿ ಬರುವುದು ಅಸಾಧ್ಯ ಎನ್ನುವಷ್ಟು ಅಪರೂಪವಾಗಿರುತ್ತಿತ್ತು. ಈಗಿನ ಸ್ಥಿತಿಯಲ್ಲಿ, ಎಲ್ ನಿನೋ ಇದ್ದರೆ ಹತ್ತು ವರ್ಷಕ್ಕೊಮ್ಮೆ, ಇಲ್ಲದಿದ್ದರೆ ಇಪ್ಪತ್ತು ವರ್ಷಕ್ಕೊಮ್ಮೆ ಬರಬಹುದು.

ನಗರದ ಕಾಂಕ್ರೀಟೇ ಕಾರಣ ಎನ್ನುವವರಿಗೂ ಒಂದು ಮಾತು. ಮನಿಲಾದಂಥ ಊರಿನಲ್ಲಿ ಕಾಂಕ್ರೀಟು, ಡಾಂಬರು, ವಾಹನಗಳು, ಎಸಿಗಳ ಬಿಸಿಗಾಳಿ ಖಂಡಿತ ಸೆಕೆ ಹೆಚ್ಚಿಸುತ್ತವೆ. ಆದರೆ ಸುತ್ತಲಿನ ಸಮುದ್ರದ ನೀರೂ ಬಿಸಿಯಾಗುತ್ತಿದೆ. ಸಮುದ್ರದಲ್ಲಿ ಯಾರೂ ಅಪಾರ್ಟ್‌ಮೆಂಟ್ ಕಟ್ಟಿಲ್ಲ.

ಜಗತ್ತಿನ ಒಟ್ಟು ಹೊಗೆಯಲ್ಲಿ ಫಿಲಿಪ್ಪೀನ್ಸ್‌ನ ಪಾಲು ಶೇಕಡ ಒಂದಕ್ಕಿಂತ ಕಡಿಮೆ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. 11 ಕೋಟಿಗೂ ಹೆಚ್ಚು ಜನರ ದೇಶ ಅದು. ಪಗಾಸಾದ ಅಂದಾಜಿನಂತೆ 1971-2000ರ ಸರಾಸರಿಗೆ ಹೋಲಿಸಿದರೆ ಈ ಶತಮಾನದ ನಡುವಿನ ಹೊತ್ತಿಗೆ ಅಲ್ಲಿ, ಹೊಗೆ ಒಂದು ಮಟ್ಟಕ್ಕೆ ಹತೋಟಿಗೆ ಬಂದರೆ 0.9ರಿಂದ 1.9 ಡಿಗ್ರಿ, ಹತೋಟಿ ತಪ್ಪಿದರೆ 1.2ರಿಂದ 2.3 ಡಿಗ್ರಿ ಏರಲಿದೆ. ಜನವರಿಗೂ ಮೇ ತಿಂಗಳಿಗೂ ಇರುವ ಅಂತರ 2.8 ಎಂದು ಮೇಲೆ ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆಯೇ?

ಬಿಸಿಗಾಳಿಯ ಜೊತೆಗೇ ಬರುವ ಇನ್ನೊಂದು ಹಳೆಯ ಫಾರ್ವರ್ಡ್ ಇದೆ. ಮಲೇಷ್ಯಾ, ಇಂಡೋನೇಷ್ಯಾ, ಸಿಂಗಾಪುರಗಳಲ್ಲಿ ಬಿಸಿಗಾಳಿ ಬೀಸುತ್ತಿದೆ ಎಂದು ಶುರುವಾಗಿ, ಬಿಸಿಲಿನಿಂದ ಬಂದ ಕೂಡಲೇ ತಣ್ಣನೆಯ ನೀರು ಕುಡಿಯಬೇಡಿ, ಸಣ್ಣ ರಕ್ತನಾಳಗಳು ಒಡೆದುಹೋಗುತ್ತವೆ ಎನ್ನುತ್ತದೆ. ದೇಶದ ಹೆಸರು ಬದಲಿಸಿಕೊಂಡು ಇದು ವರ್ಷವರ್ಷವೂ ತಿರುಗುತ್ತಿದೆ. ಇದು ಸುಳ್ಳು. ತಣ್ಣೀರು ಕುಡಿದರೆ ರಕ್ತನಾಳ ಒಡೆಯುವುದಿಲ್ಲ. ತೀರಾ ತಣ್ಣಗಿನ ನೀರನ್ನು ಗಟಗಟ ಕುಡಿದರೆ ಕೆಲವರಿಗೆ ತಲೆ ಜುಮ್ಮೆನ್ನಬಹುದು, ಹೊಟ್ಟೆ ಹಿಡಿದಂತಾಗಬಹುದು, ಅಷ್ಟೇ.

ಈ ಸುಳ್ಳಿನ ಬಗ್ಗೆ ನಮಗೆ ಸಿಟ್ಟು ಬರಲು ಕಾರಣವಿದೆ. ಶಾಖಾಘಾತವಾದವರಿಗೆ ಮೊದಲು ಮಾಡಬೇಕಾದ ಕೆಲಸವೇ ಮೈಯನ್ನು ತಣ್ಣಗೆ ಮಾಡುವುದು. ದೇಹದ ಉಷ್ಣಾಂಶ 40 ಡಿಗ್ರಿ ದಾಟಿ, ಮಾತು ತೊದಲಿ, ಗೊಂದಲಗೊಂಡು, ಪ್ರಜ್ಞೆ ತಪ್ಪುವಂತಾದವರನ್ನು ಕೂಡಲೇ ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿಯಿರಿ, ಗಾಳಿ ಬೀಸಿ, ಕುತ್ತಿಗೆ-ಕಂಕುಳಿಗೆ ಐಸ್ ಇಡಿ, 108ಕ್ಕೆ ಕರೆ ಮಾಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ, ಉಸಿರುನಾಳಕ್ಕೆ ಹೋಗಬಹುದು. ಆ ಹೊತ್ತಿನಲ್ಲಿ ಫಾರ್ವರ್ಡ್ ನೆನಪಾಗಿ ಯಾರಾದರೂ "ತಣ್ಣೀರು ಬೇಡ" ಎಂದು ಕೈ ಹಿಡಿದು ತಡೆದರೆ ಜೀವಕ್ಕೇ ಸಂಚಕಾರ.

ಶಾಲೆಗಳಿಗೆ ರಜೆ ಕೊಟ್ಟಿದ್ದು ನಿಜವೇ?

ನಿಜ. 2024ರ ಏಪ್ರಿಲ್ 29 ಮತ್ತು 30ರಂದು ಫಿಲಿಪ್ಪೀನ್ಸ್‌ನ ಎಲ್ಲ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ತರಗತಿಗೆ ಬರುವುದನ್ನು ನಿಲ್ಲಿಸಲಾಯಿತು. ಬಿಸಿಯ ಜೊತೆಗೆ, ಅಲ್ಲಿನ ಸಾರಿಗೆಯ ಜೀವಾಳವಾದ ಜೀಪ್ನಿ ಚಾಲಕರ ಮುಷ್ಕರವೂ ಆ ಎರಡು ದಿನಗಳಿಗೆ ಕಾರಣವಾಗಿತ್ತು. ಈ ಎರಡನೆಯ ಕಾರಣವನ್ನು ಫಾರ್ವರ್ಡ್‌ಗಳು ಹೇಳುವುದಿಲ್ಲ. ಆದರೆ ಅದಕ್ಕೂ ಮುಂಚಿನ ವಾರಗಳಲ್ಲಿ ಸಾವಿರಾರು ಶಾಲೆಗಳು ಸೆಕೆಯ ಕಾರಣಕ್ಕೇ ಮಕ್ಕಳನ್ನು ಮನೆಯಿಂದ ಪಾಠ ಕೇಳಲು ಹೇಳಿದ್ದವು.

ಏಪ್ರಿಲ್‌ನಲ್ಲಿ ಮಕ್ಕಳು ಶಾಲೆಯಲ್ಲಿ ಏನು ಮಾಡುತ್ತಿದ್ದರು ಎಂದು ನಮ್ಮಲ್ಲಿ ಯಾರಿಗಾದರೂ ಅನ್ನಿಸಬಹುದು. ಅಲ್ಲೂ ಮೊದಲು ನಮ್ಮಂತೆಯೇ ಜೂನ್‌ನಲ್ಲಿ ಶಾಲೆ ಶುರುವಾಗಿ ಮಾರ್ಚ್‌ಗೆ ಮುಗಿಯುತ್ತಿತ್ತು, ಏಪ್ರಿಲ್-ಮೇ ರಜೆ. ಕೋವಿಡ್ ಕಾಲದಲ್ಲಿ ವೇಳಾಪಟ್ಟಿ ಮುಂದಕ್ಕೆ ಹೋಗಿ, ಶಾಲೆ ಆಗಸ್ಟ್‌ನಲ್ಲಿ ಶುರುವಾಗುವ ಪದ್ಧತಿ ಉಳಿದುಕೊಂಡಿತು. ಹಾಗಾಗಿ ವರ್ಷದ ಅತಿ ಬಿಸಿಯಾದ ತಿಂಗಳುಗಳಲ್ಲಿ ಮಕ್ಕಳು ಕಿಕ್ಕಿರಿದ ತರಗತಿಗಳಲ್ಲಿ ಕೂರಬೇಕಾಯಿತು. ಫ್ಯಾನುಗಳು ಸಾಲದ ಕೋಣೆಗಳಲ್ಲಿ ಮಕ್ಕಳು ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಾ ಕೂತಿದ್ದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು.

ಆ ಬೇಸಿಗೆಯ ನಂತರ ಸರ್ಕಾರ ಹಳೆಯ ಪದ್ಧತಿಗೆ ಮರಳಲು ತೀರ್ಮಾನಿಸಿತು. ಒಂದು ಶೈಕ್ಷಣಿಕ ವರ್ಷವನ್ನು ಮೊಟಕುಗೊಳಿಸಿ ಹೊಂದಿಸಿಕೊಂಡರು. 2025ರಲ್ಲಿ ಶಾಲೆಗಳು ಜೂನ್ 16ಕ್ಕೆ ಶುರುವಾದವು, ಮಳೆಗಾಲದ ಜೊತೆಗೆ.